ಸಾಲಿನಲ್ಲಿ ಅಕ್ಕನ ಜಾಗ

ನನ್ನ ಅಕ್ಕ ಅರ್ಲೀಥಾ ತೀರಿಹೋದಳೆಂದು ನನಗೆ ತಿಳಿದ ಹೊತ್ತಿಗೆ ನನ್ನ ಎದೆಯ ಮೇಲೆ ‘ನಾನು ಮತ ಹಾಕಿದೆ’ ಎಂಬ ಸ್ಟಿಕರ್ ಅಂಟಿಕೊಂಡಿತ್ತು.

ಮತಗಟ್ಟೆಯ ಹಿಂಬಾಗಿಲಿನಿಂದ ಹೊರಗೆ ಬಂದೆ. ನವೆಂಬರ್ ತಿಂಗಳ ಮಂಗಳವಾರ. ತಿಂಗಳಿಗೆ ತಕ್ಕ ತಂಪು ಇರಲಿಲ್ಲ. ಬಿಸಿಲು ಟಾರಿನ ನೆಲಕ್ಕೆ ಬಡಿದು ಮುಖಕ್ಕೆ ಹೊಡೆಯುತ್ತಿತ್ತು. ನಮ್ಮ ಚರ್ಚಿನ ಸಭೆಯ ಕ್ಲೀವನ್ ನನ್ನ ಕಡೆಗೆ ನಡೆದು ಬಂದ. ಅವನು ಯಾವಾಗಲೂ ದೂರದಿಂದಲೇ ಏನಾದರೊಂದು ತಮಾಷೆ ಮಾಡಿಕೊಂಡು ಬರುವವನು. ಅವತ್ತು ಬಾಯಿ ಮುಚ್ಚಿತ್ತು. ಟೋಪಿ ಕೈಯಲ್ಲಿತ್ತು.

“ವರ್ಲೀನಕ್ಕ, ಕೂತ್ಕೋ.”

“ಅಕ್ಕ ಎಲ್ಲಿ?”

“ಮೊದ್ಲು ಕೂತ್ಕೋ.”

ಕೂರಲು ಅಲ್ಲಿ ಏನೂ ಇರಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಒಂದು ಕುರ್ಚಿ ಇರಲಿಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಸಾಲಿನ ಬಾಲದ ಹತ್ತಿರ ಆಂಬುಲೆನ್ಸ್ ನಿಂತಿತ್ತು. ಅದರವರಿಗೆ ಅವಸರವಿರಲಿಲ್ಲ. ಅವರಿಗೆ ಅವಸರವಿಲ್ಲದ್ದನ್ನು ಕಂಡಾಗಲೇ ನನಗೆ ತಿಳಿಯಿತು. ಬಟ್ಟೆ ಹೊದಿಸಿದ್ದರು. ಕಾಲಿನ ಕಡೆ ಬಟ್ಟೆ ಸಾಲದೆ ಅಕ್ಕನ ಬಿಳಿ ಬೂಟುಗಳು ಕಾಣುತ್ತಿದ್ದವು. ಬೆಳಿಗ್ಗೆ ಅವಳೇ ಪಾಲಿಶ್ ಹಾಕಿದ ಬೂಟುಗಳು. ಅವಳ ಪಕ್ಕದಲ್ಲೇ ಸಾಲು ಮುಂದಕ್ಕೆ ಸರಿಯುತ್ತಿತ್ತು. ಜನ ಅಳುತ್ತಿದ್ದರು, ಅಳುತ್ತಲೇ ಹೆಜ್ಜೆ ಮುಂದಿಡುತ್ತಿದ್ದರು. ನಿಂತರೆ ಅವರ ಜಾಗ ಹೋಗುತ್ತಿತ್ತು.

ನಾವಿಬ್ಬರೂ ನಿಂತೇ ಬದುಕಿದವರು. ಕೋಳಿ ಕಾರ್ಖಾನೆಯಲ್ಲಿ ಪ್ರಾಯವೆಲ್ಲ ಕಳೆಯಿತು. ಮೇಲೆ ಕೊಕ್ಕೆಗೆ ನೇತುಬಿದ್ದ ಕೋಳಿಗಳು ಒಂದರ ಹಿಂದೊಂದು ಬರುತ್ತಿದ್ದವು. ಅಕ್ಕ ರೆಕ್ಕೆ ಕತ್ತರಿಸುತ್ತಿದ್ದಳು, ನಾನು ಕರುಳು ಎಳೆಯುತ್ತಿದ್ದೆ. ನೆಲದಲ್ಲಿ ಯಾವಾಗಲೂ ನೀರು, ಗಾಳಿಯಲ್ಲಿ ಮಂಜುಗಡ್ಡೆಯ ಚಳಿ. ಸಂಜೆ ಮನೆಗೆ ಬಂದರೆ ಅವಳ ಬೆರಳುಗಳು ಮಡಚುತ್ತಿರಲಿಲ್ಲ. ಬಾಗಿಲಿನ ಬೀಗಕ್ಕೆ ಕೀಲಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ತಿರುಗಿಸುತ್ತಿದ್ದಳು. ಆ ಕೋಳಿಗಳ ಸಾಲು ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ. ಆದರೂ ಒಂದು ಮಾತು ಹೇಳಬೇಕು. ಮೂತ್ರಕ್ಕೆ ಹೋಗಬೇಕಾದರೆ ಇನ್ನೊಬ್ಬಳು ಬಂದು ನಮ್ಮ ಜಾಗದಲ್ಲಿ ನಿಲ್ಲುತ್ತಿದ್ದಳು. ಮೇಸ್ತ್ರಿ ಬೈಯುತ್ತಿದ್ದ. ಆದರೆ ತಿರುಗಿ ಬಂದಾಗ ನಮ್ಮ ಜಾಗ ನಮ್ಮದೇ ಆಗಿರುತ್ತಿತ್ತು.

ಭಾನುವಾರಗಳಂದು ಚರ್ಚಿನಲ್ಲಿ ನಿಲ್ಲುತ್ತಿದ್ದೆವು. ನಮ್ಮ ಸಭೆಯಲ್ಲಿ ನಾವು ಬಾಗಿಲು ಸೇವೆಯವರು. ಬಿಳಿ ಉಡುಪು, ಬಿಳಿ ಬೂಟು, ಬಿಳಿ ಕೈಗವಸು. ಬಂದವರನ್ನು ಕೂರಿಸುವುದು, ಬಿಸಿಲಿಗೆ ಬೀಸಣಿಗೆ ಕೊಡುವುದು, ಆತ್ಮಾವೇಶ ಬಂದು ಬಿದ್ದವರನ್ನು ಎತ್ತಿ ಹಿಡಿಯುವುದು ನಮ್ಮ ಕೆಲಸ. ಆರಾಧನೆ ನಡೆಯುವಾಗ ನಾವು ಮಾತಾಡುವುದಿಲ್ಲ. ಎಡಗೈ ಬೆನ್ನ ಹಿಂದೆ, ಬಲಗೈ ಸನ್ನೆಗೆ. ಅಂಗೈಯನ್ನು ಎದೆಯ ಮೇಲಿಟ್ಟರೆ ‘ನನ್ನಿಂದ ಆಗುತ್ತಿಲ್ಲ, ನನ್ನ ಜಾಗಕ್ಕೆ ಬಾ’ ಎಂದು ಅರ್ಥ. ಎರಡು ಬೆರಳು ನೆಲದ ಕಡೆ ತೋರಿಸಿದರೆ ‘ನಿಂತಲ್ಲೇ ನಿಲ್ಲು’ ಎಂದು. ಒಬ್ಬರು ದಣಿದರೆ ಇನ್ನೊಬ್ಬರು ಅವರ ಜಾಗ ಹಿಡಿಯುತ್ತಾರೆ. ಅವರು ತಿರುಗಿ ಬಂದ ಕೂಡಲೇ ಬಿಟ್ಟು ತಮ್ಮ ಜಾಗಕ್ಕೆ ಹೋಗುತ್ತಾರೆ. ಅಕ್ಕ ಬಾಗಿಲು ಸೇವೆಯ ಮುಖ್ಯಸ್ಥೆ. ಅವಳ ಬೆರಳು ಆಡಿದ ಹಾಗೆ ನಮ್ಮ ಕಾಲು ಆಡುತ್ತಿತ್ತು.

ಮತ ಹಾಕುವ ದಿನವೂ ನಾವು ಅದೇ ಬಿಳಿ ಉಡುಪು ತೊಡುತ್ತೇವೆ. ಅದು ನಮ್ಮ ಅವ್ವನಿಂದ ಬಂದದ್ದು. ಅವ್ವ ಮೊದಲು ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದಾಗ ಗುಮಾಸ್ತನು ರಾಜ್ಯದ ಸಂವಿಧಾನದ ಒಂದು ಪುಟ ಕೊಟ್ಟು ಓದಿ ಅರ್ಥ ಹೇಳು ಎಂದನಂತೆ. ಅವ್ವ ಓದಿದಳು, ಅರ್ಥವನ್ನೂ ಹೇಳಿದಳು. ತಪ್ಪು ಎಂದ. ಆ ಪುಟ ಅವನಿಗೂ ಅರ್ಥವಾಗುತ್ತಿರಲಿಲ್ಲ ಎಂದು ಅವ್ವ ಸಾಯುವ ತನಕ ಹೇಳುತ್ತಿದ್ದಳು. ಮರುವಾರ ಅವಳು ಬಟ್ಟೆ ಒಗೆಯುತ್ತಿದ್ದ ಬಿಳಿಯರ ಮನೆಗಳವರು ಇನ್ನು ಬರಬೇಡ ಎಂದರು. ನಮ್ಮ ಕಪ್ಪು ಜನರನ್ನು ಮತದಿಂದ ದೂರವಿಡುತ್ತಿದ್ದ ಕಾನೂನು ಬದಲಾದ ಮೇಲೆ ಅವ್ವ ಇಸ್ತ್ರಿ ಮಾಡಿದ ಬಿಳಿ ಉಡುಪಿನಲ್ಲಿ, ಕೈಗವಸು ಹಾಕಿಕೊಂಡು ಮತ ಹಾಕಿದಳು. ಆಗ ಅವಳ ತೋಳು ಹಿಡಿದು ನಡೆಸಿದವಳು ಅರ್ಲೀಥಾ. ಅಂದಿನಿಂದ ಅಕ್ಕ ಒಂದು ಚುನಾವಣೆಯನ್ನೂ ತಪ್ಪಿಸಲಿಲ್ಲ. ಶಾಲಾ ಮಂಡಳಿಯದನ್ನೂ ಬಿಡಲಿಲ್ಲ. ಮಗನನ್ನು ಮಣ್ಣು ಮಾಡಿದ ವಾರದಲ್ಲೂ ಹೋದಳು.

ಮೊದಲು ನಮ್ಮ ಚರ್ಚಿನ ಸಭಾಂಗಣದಲ್ಲೇ ಮತಗಟ್ಟೆ ಇತ್ತು. ನಡೆದು ಹೋಗುತ್ತಿದ್ದೆವು. ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ ಇಲ್ಲವೆಂದು ಕೌಂಟಿಯ, ಅಂದರೆ ಜಿಲ್ಲೆಯ, ಅಧಿಕಾರಿಗಳು ಅದನ್ನು ಮುಚ್ಚುವುದಾಗಿ ಹೇಳಿದರು. ಕ್ಲೀವನ್ ಗಂಡಸರನ್ನು ಸೇರಿಸಿ, ಮರ ತಂದು, ಇಳಿಜಾರು ಕಟ್ಟಿದ. ಆಗ ಅವರು ದಾರಿಯ ಮಾತು ಬಿಟ್ಟು ಖರ್ಚಿನ ಮಾತು ತೆಗೆದರು. ಮುಚ್ಚಿದರು. ನಮ್ಮದನ್ನೂ ಸುತ್ತಲಿನ ಊರುಗಳದನ್ನೂ ಒಟ್ಟುಗೂಡಿಸಿ ಹೆದ್ದಾರಿಯಾಚೆಯ ಜಾನುವಾರು ಪ್ರದರ್ಶನದ ಶೆಡ್ಡಿಗೆ ಹಾಕಿದರು. ಅಲ್ಲಿಗೆ ಬಸ್ಸಿಲ್ಲ. ಅದು ದನಗಳಿಗಾಗಿ ಕಟ್ಟಿದ ಜಾಗ. ದನಗಳು ಬಂದಾಗ ಅಲ್ಲಿ ನೆರಳಿಗೆ ಚಪ್ಪರ ಹಾಕುತ್ತಾರೆ, ತೊಟ್ಟಿಗೆ ನೀರು ತುಂಬಿಸುತ್ತಾರೆ. ನಮಗೆ ಎರಡೂ ಇರಲಿಲ್ಲ. ಸಾಲಿನಲ್ಲಿ ನಿಂತವರಿಗೆ ಒಂದು ಲೋಟ ನೀರು ಕೊಡುವುದು ನಮ್ಮ ರಾಜ್ಯದಲ್ಲಿ ಅಪರಾಧ. ನಮ್ಮ ಚರ್ಚಿನ ಹೆಂಗಸರು ತಣ್ಣೀರಿನ ಪೆಟ್ಟಿಗೆ ಇಟ್ಟುಕೊಂಡು ರಸ್ತೆಯಾಚೆ ಪೆಟ್ರೋಲ್ ಬಂಕಿನ ಬಳಿ ನಿಂತಿದ್ದರು. ನೀರು ಕಾಣುತ್ತಿತ್ತು. ಕುಡಿಯಬೇಕಾದರೆ ಸಾಲು ಬಿಡಬೇಕು.

ಸರೋವರದ ದಂಡೆಯಲ್ಲಿ ಬಿಳಿಯರ ಹೊಸ ಬಡಾವಣೆಗೆ ಬೇರೆ ಮತಗಟ್ಟೆ ಇದೆ. ಅಲ್ಲಿಯವರು ಕೈಯಲ್ಲಿರುವ ಕಾಫಿ ಆರುವ ಮೊದಲೇ ಮತ ಹಾಕಿ ಹೊರಗೆ ಬರುತ್ತಾರೆ.

ಅವತ್ತು ಅಕ್ಕ ಬೆಳಿಗ್ಗೆಯೇ ಕ್ಲೀವನ್‌ನ ಗಾಡಿಯಲ್ಲಿ ಹೋಗಿ ನಿಂತಳು. ಪಕ್ಕದ ಮನೆಯ ಮುದುಕಿಗೆ ಇನ್ಸುಲಿನ್ ಚುಚ್ಚಿ ಬರುವಷ್ಟರಲ್ಲಿ ನನಗೆ ತಡವಾಯಿತು. ನಾನು ಸಾಲಿನಲ್ಲಿ ಅವರಿಗಿಂತ ಬಹಳ ಹಿಂದೆ ಸೇರಿಕೊಂಡೆ. ಆದರೂ ಕ್ಲೀವನ್‌ನ ಗಂಟಲು ನನ್ನ ತನಕ ಕೇಳುತ್ತಿತ್ತು.

“ಅರ್ಲೀಥಾಕ್ಕ, ಈ ಸಾಲು ಹೋಗೋದು ನೋಡಿದ್ರೆ ನಾವು ಬಾಗಿಲು ಮುಟ್ಟೋ ಹೊತ್ತಿಗೆ ಈ ಅಭ್ಯರ್ಥಿಗಳೆಲ್ಲ ಮುದುಕರಾಗಿ ಮನೆ ಸೇರಿರ್ತಾರೆ.”

“ನಿನ್ನ ಬಾಯಿ ಸಾಲು ಬಿಟ್ಟು ಮುಂದೆ ಓಡಿದೆ ಕ್ಲೀವನ್. ಅದನ್ನ ಹಿಂದಕ್ಕೆ ಕರಿ.”

ಸುತ್ತಲಿನವರು ನಕ್ಕರು. ಅವಳ ನಗು ನಾನು ಕೇಳಿದ್ದು ಅದೇ ಕೊನೆ.

ಮಧ್ಯಾಹ್ನ ದಾಟಿತ್ತು. ಬಾಗಿಲು, ಅದರ ಪಕ್ಕದ ಬಾವುಟದ ಕಂಬ ಅವಳಿಗೆ ಹತ್ತಿರವಾಗಿದ್ದವು. ಅಕ್ಕ ಹಿಂದಕ್ಕೆ ತಿರುಗಿ ನನ್ನನ್ನು ಹುಡುಕಿದಳು. ಅಂಗೈಯನ್ನು ಎದೆಯ ಮೇಲೆ ಇಟ್ಟಳು. ನಾನು ಯೋಚಿಸಲಿಲ್ಲ. ನನ್ನ ಜಾಗ ಬಿಟ್ಟು ಮುಂದೆ ನಡೆದು ಅವಳ ಜಾಗದಲ್ಲಿ ನಿಂತೆ. ಹಿಂದಿನವರು ನನ್ನ ಬಿಳಿ ಉಡುಪು ನೋಡಿ ದಾರಿ ಬಿಟ್ಟರು. ಸಭೆಯಲ್ಲಿ ಪ್ರತಿ ಭಾನುವಾರ ನೋಡಿದ್ದು ತಾನೇ. ಅಕ್ಕ ಹೋಗಿ ಕ್ಲೀವನ್‌ನ ಗಾಡಿಯಲ್ಲಿ ಸ್ವಲ್ಪ ಕೂತಳು, ಗುಳಿಗೆ ನುಂಗಿದಳು, ಉಸಿರು ಹದಕ್ಕೆ ಬಂದ ಮೇಲೆ ತಿರುಗಿ ಬಂದಳು. ನಾನು ಪದ್ಧತಿಯಂತೆ ಪಕ್ಕಕ್ಕೆ ಸರಿದೆ.

ಆಗ ಮತಗಟ್ಟೆಯ ಉಸ್ತುವಾರಿ ಹೆಂಗಸು ಬಂದಳು. ಮಿಸ್ ಪ್ರೂಯಿಟ್ ಎಂದು ಕೊರಳಿನ ಬಿಲ್ಲೆಯಲ್ಲಿ ಬರೆದಿತ್ತು. ಚಿಕ್ಕ ವಯಸ್ಸು. ಬಹಳ ಮರ್ಯಾದೆಯಿಂದ ಮಾತಾಡಿದಳು.

“ಸಾಲು ಬಿಟ್ಟು ಹೋದವರು ಹಿಂದಿನಿಂದ ಬರಬೇಕು, ಮೇಡಂ.”

“ನಮ್ಮ ತಂಗಿ ನನ್ನ ಜಾಗ ಹಿಡಿದಿದ್ದಾಳಮ್ಮ. ಅವಳು ಅವಳ ಜಾಗಕ್ಕೆ ಹೋಗ್ತಾಳೆ,” ಎಂದಳು ಅಕ್ಕ.

“ಜಾಗ ಹಿಡಿಯೋದು ಅಂತ ಇಲ್ಲಿ ಇಲ್ಲ. ಈಗ ಇಲ್ಲಿರೋದು ಇವರು. ಇವರೂ ಬಿಟ್ಟರೆ ಇಬ್ಬರೂ ಹಿಂದಕ್ಕೆ ಹೋಗಬೇಕಾಗುತ್ತೆ.”

ನಮ್ಮ ಹಿಂದಿದ್ದವನು ತನ್ನ ಅಭ್ಯಂತರವಿಲ್ಲ, ಇಬ್ಬರೂ ನಿಲ್ಲಲಿ ಎಂದ. ಅದನ್ನು ತೀರ್ಮಾನಿಸುವವನು ಅವನಲ್ಲ ಎಂದಳು ಅವಳು. ಕ್ಲೀವನ್ ಜೋರು ಮಾಡಿದ. ಬಾಗಿಲ ಬಳಿ ನಿಂತಿದ್ದ ಪೊಲೀಸಿನವನು ಸೊಂಟದ ಪಟ್ಟಿಯಲ್ಲಿ ಹೆಬ್ಬೆರಳು ಸಿಕ್ಕಿಸಿಕೊಂಡು ಹತ್ತಿರ ಬಂದ. ಅಕ್ಕ ಅವನ ಪಿಸ್ತೂಲು ನೋಡಿದಳು. ಕ್ಲೀವನ್‌ನನ್ನು ನೋಡಿದಳು. ಆಮೇಲೆ ನನ್ನನ್ನು. ಎರಡು ಬೆರಳು ನೆಲಕ್ಕೆ ತೋರಿಸಿದಳು.

ನಿಂತಲ್ಲೇ ನಿಲ್ಲು.

“ಇಬ್ಬರಲ್ಲಿ ಒಬ್ಬರ ವೋಟಾದ್ರೂ ಬೀಳ್ಲಿ, ವರ್ಲೀನ್,” ಎಂದಳು.

ನನ್ನ ಕಾಲು ನಿಂತಿತು. ಆ ಸನ್ನೆಗೆ ನಿಂತು ನಿಂತು ಅಭ್ಯಾಸವಾದ ಕಾಲು. ಅಕ್ಕ ತಿರುಗಿ ಸಾಲಿನ ಬಾಲಕ್ಕೆ ನಡೆದಳು. ಬೆನ್ನು ನೆಟ್ಟಗಿತ್ತು. ಎಡಗೈ ಬೆನ್ನ ಹಿಂದೆ ಇತ್ತು. ಸೇವೆಯಲ್ಲಿರುವಾಗ ನಾವು ಜಗಳವಾಡುವುದಿಲ್ಲ. ಅಷ್ಟು ಹೊತ್ತು ನಿಂತು ದಾಟಿದ ದಾರಿಯನ್ನೆಲ್ಲ ಅವಳು ಮತ್ತೆ ಮೊದಲಿನಿಂದ ನಿಲ್ಲಬೇಕಾಗಿತ್ತು. ನಿಂತಳು. ಹತ್ತಿರದವರು ಹೆಗಲು ಕೊಡುತ್ತೇವೆ, ಒರಗಿಕೊ ಎಂದರಂತೆ. ಬೇಡ, ನಾನು ಸೇವೆಯಲ್ಲಿದ್ದೇನೆ ಎಂದಳಂತೆ. ಮೊಣಕಾಲು ಮೊದಲು ಕುಸಿಯಿತಂತೆ.

ಆ ಹೊತ್ತಿಗೆ ನಾನು ಒಳಗೆ ಯಂತ್ರದ ಮುಂದೆ ಬೆರಳು ಒತ್ತುತ್ತಿದ್ದೆ. ಅವಳ ಜಾಗದಲ್ಲಿ ನಿಂತು ನನ್ನ ಮತ ಹಾಕಿದೆ. ಅವಳ ಮತ ಎಲ್ಲೂ ಬೀಳಲಿಲ್ಲ.

ಮಣ್ಣು ಮಾಡುವ ದಿನ ಬಾಗಿಲು ಸೇವೆಯವರೆಲ್ಲ ಶವಪೆಟ್ಟಿಗೆಯ ಎರಡು ಬದಿಗೆ ನಿಂತೆವು. ಅವಳ ಕೈಗವಸುಗಳನ್ನು ಮಡಚಿ ಎದೆಯ ಮೇಲಿಟ್ಟೆವು. ಪಾದ್ರಿಗಳು ಒಳ್ಳೆಯ ಪ್ರಸಂಗ ಮಾಡಿದರು. ಕರ್ತನು ತನ್ನ ನಂಬಿಗಸ್ತ ಸೇವಕಿಯನ್ನು ಮನೆಗೆ ಕರೆದುಕೊಂಡನು ಎಂದರು. ಸಭೆಯವರು ಆಮೆನ್ ಎಂದರು. ನಾನು ಅನ್ನಲಿಲ್ಲ. ಊಟದ ಹೊತ್ತಿಗೆ, ಜನ ಹುರಿದ ಕೋಳಿ, ಸೊಪ್ಪು ಬಡಿಸಿಕೊಳ್ಳುವಾಗ, ಅಡುಗೆಮನೆಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ.

“ಪಾದ್ರಿಗಳೇ, ಇದನ್ನ ಕರ್ತನ ಮೇಲೆ ಹಾಕ್ಬೇಡಿ. ಬಿಸಿಲಲ್ಲಿ ಅವಳನ್ನ ಹಿಂದಕ್ಕೆ ಕಳಿಸಿದ್ದು ಕರ್ತ ಅಲ್ಲ.”

ಅವರು ತಲೆ ತಗ್ಗಿಸಿದರು. ದುಃಖದಲ್ಲಿ ಆಡಿದ ಮಾತು ಎಂದು ನನ್ನ ಭುಜ ತಟ್ಟಿದರು. ದುಃಖದಲ್ಲಿ ಆಡಿದ್ದೇ. ಹಾಗೆಂದು ಸುಳ್ಳಾಗುವುದಿಲ್ಲ.

ಕೌಂಟಿಯ ಚುನಾವಣಾ ಮಂಡಳಿಯ ಸಭೆಗೆ ಹೋದೆ. ಸಾರ್ವಜನಿಕರು ಮಾತಾಡಲು ಎರಡು ನಿಮಿಷ. ಎದುರಿಗೆ ಒಂದು ದೀಪ, ಹಸಿರು ಇರುವ ತನಕ ಮಾತು. ನಾನು ಮೂರು ಸಂಗತಿ ಕೇಳಿದೆ. ಕುರ್ಚಿ ಹಾಕಿಸಿ. ನೀರು ಇಡಿಸಿ. ಸುಸ್ತಾದವರು ಕೂತು ಬಂದರೆ ಅವರ ಜಾಗ ಅವರಿಗೆ ಕೊಡಿ. ಅಧ್ಯಕ್ಷರು ಸಂತಾಪ ಹೇಳಿದರು. ನನ್ನ ಅಕ್ಕನಿಗೆ ಹೃದಯದ ಕಾಯಿಲೆ ಇತ್ತೆಂದು ಕೇಳಿದ್ದೇವೆ ಎಂದರು. ನಿಯಮ ಎಲ್ಲರಿಗೂ ಒಂದೇ, ಸರೋವರದ ದಂಡೆಯವರಿಗೂ ಇದೇ ನಿಯಮ ಎಂದರು.

“ಅಲ್ಲಿ ಸಾಲೇ ಇಲ್ವಲ್ಲ ಸ್ವಾಮಿ,” ಎಂದೆ.

ದೀಪ ಕೆಂಪಾಯಿತು. ಅವರು ನನಗೆ ವಂದನೆ ಹೇಳಿ ಮುಂದಿನವರನ್ನು ಕರೆದರು. ಮುಂದಿನವನು ನಾಯಿಗಳ ಕಾಟದ ಬಗ್ಗೆ ಮಾತಾಡಿದ. ಅವನ ಮಾತನ್ನು ಬರೆದುಕೊಂಡರು.

ಆ ಚುನಾವಣೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರಲಿಲ್ಲ. ಡಿಸೆಂಬರಿನಲ್ಲಿ ಎರಡನೇ ಸುತ್ತು ಎಂದರು. ಬಾಗಿಲು ಸೇವೆಯವರು ಕೂಡಿದೆವು. ಈಗ ಮುಖ್ಯಸ್ಥೆ ನಾನು. ಯಾರಾದರೂ ಎದೆಯ ಮೇಲೆ ಕೈಯಿಟ್ಟರೆ ನಾನು ಅವರ ಜಾಗಕ್ಕೆ ಹೋಗುತ್ತೇನೆ, ಯಾರು ಬಿಡು ಎಂದರೂ ಬಿಡುವುದಿಲ್ಲ ಎಂದೆ. ಕೆಲವರಿಗೆ ಹೆದರಿಕೆಯಾಯಿತು. ಹಳಬಳೊಬ್ಬಳು, ಅರ್ಲೀಥಾ ಇದ್ದಿದ್ದರೆ ಜಗಳಕ್ಕೆ ಹೋಗುತ್ತಿರಲಿಲ್ಲ ಎಂದಳು.

“ಹೋಗ್ತಿರಲಿಲ್ಲ. ಅದಕ್ಕೇ ಮಣ್ಣಲ್ಲಿದ್ದಾಳೆ,” ಎಂದೆ.

ಕ್ಲೀವನ್ ಎದ್ದು ಹೋಗಿ ಚರ್ಚಿನ ನೆಲಮಾಳಿಗೆಯಿಂದ ಒಂದು ಮಡಚುವ ಕುರ್ಚಿ ತಂದು ನನ್ನ ಮುಂದಿಟ್ಟ.

ಎರಡನೇ ಸುತ್ತಿನ ದಿನ ಗಾಳಿ ಚುಚ್ಚುತ್ತಿತ್ತು. ಅದೇ ಶೆಡ್ಡು, ಅದೇ ಸಾಲು. ನಮ್ಮ ಬಿಳಿ ಉಡುಪಿನ ಮೇಲೆ ಕೋಟುಗಳಿದ್ದವು. ನನಗಿಂತ ಸಾಕಷ್ಟು ಮುಂದೆ ಮುದುಕ ಹೊಸೆಯಾ ನಿಂತಿದ್ದ. ಕಾರ್ಖಾನೆಯ ಮಂಜುಗಡ್ಡೆ ಕೋಣೆಯಲ್ಲಿ ದುಡಿದವನು. ಸಕ್ಕರೆ ಕಾಯಿಲೆಗೆ ಒಂದು ಪಾದ ಕಳೆದುಕೊಂಡು ಕೃತಕ ಕಾಲು ಹಾಕಿಕೊಂಡಿದ್ದ. ಬಾಗಿಲಿನ ಕಡೆ ಸಾಲು ತಿರುಗುವಲ್ಲಿ ಅವನು ಹಿಂದಕ್ಕೆ ನೋಡಿ ಅಂಗೈ ಎದೆಗಿಟ್ಟ. ಅವನು ಬಾಗಿಲು ಸೇವೆಯವನಲ್ಲ. ಆದರೆ ಹುಟ್ಟಿದಾಗಿನಿಂದ ಆ ಸನ್ನೆ ನೋಡುತ್ತ ಬೆಳೆದವನು.

ನಾನು ನನ್ನ ಜಾಗ ಬಿಟ್ಟು ನಡೆದೆ. ಕ್ಲೀವನ್ ಕುರ್ಚಿ ಬಿಡಿಸಿದ. ಹೊಸೆಯಾನನ್ನು ಸಾಲಿನ ಪಕ್ಕದಲ್ಲೇ ಕೂರಿಸಿ ಅವನ ಜಾಗದಲ್ಲಿ ನಿಂತೆ. ಕೋಟು ಬಿಚ್ಚಿ ಅವನ ತೊಡೆಯ ಮೇಲೆ ಹಾಕಿದೆ. ಎಡಗೈ ಬೆನ್ನ ಹಿಂದಿಟ್ಟೆ.

ಮಿಸ್ ಪ್ರೂಯಿಟ್ ಬಂದಳು.

“ಮೇಡಂ, ಅವರು ಸಾಲು ಬಿಟ್ಟಿದ್ದಾರೆ.”

“ಬಿಟ್ಟಿಲ್ಲ. ಕೂತಿದ್ದಾರೆ.”

“ನೀವು ಅವರ ಜಾಗದಲ್ಲಿದ್ದೀರಿ. ಇದಕ್ಕೆ ಅವಕಾಶ ಇಲ್ಲ. ಹೋದ ಸಲಾನೇ ಹೇಳಿದ್ದೆ.”

“ನಮ್ಮ ಅಕ್ಕನಿಗೆ ಹೇಳಿದ್ರಿ. ಅವಳು ಕೇಳಿದ್ಳು. ನಾನು ಕೇಳಲ್ಲ.”

ಅವಳ ಮುಖ ಬಿಳುಚಿತು. ಆಗ ಅವಳಿಗೆ ನನ್ನ ಗುರುತು ಸಿಕ್ಕಿತೆಂದು ತೋರುತ್ತದೆ. ಏನಾದರೂ ಬೇರೆ ಮಾತು ಆಡುತ್ತಾಳೇನೋ ಎಂದುಕೊಂಡೆ. ಆಡಲಿಲ್ಲ. ನಿಯಮ ತಾನು ಮಾಡಿದ್ದಲ್ಲ ಎಂದಳು. ಪೊಲೀಸಿನವನಿಗೆ ಕೈ ಬೀಸಿದಳು.

ಅವನು ನನ್ನ ಮೊಣಕೈ ಹಿಡಿದ. ಬಾ ಎಂದು ಎಳೆದ. ನಾನು ಕದಲಲಿಲ್ಲ. ಇನ್ನೊಂದು ಸಲ ಎಳೆದ. ಅಷ್ಟು ವರ್ಷ ನಿಂತ ಮೊಣಕಾಲು ಗಟ್ಟಿ ಇರುತ್ತದೆ, ಆದರೆ ಅವನಿಗೆ ನನ್ನ ಮೊಮ್ಮಗನ ವಯಸ್ಸು. ಕಾಲು ಜಾರಿತು. ಒಂದು ಕೈಗವಸು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಿಡಲಿಲ್ಲ. ನನ್ನನ್ನು ಕರೆದೊಯ್ಯುವಾಗ ತಿರುಗಿ ನಮ್ಮವರ ಕಡೆ ಎರಡು ಬೆರಳು ನೆಲಕ್ಕೆ ತೋರಿಸಿದೆ.

ನಿಂತಲ್ಲೇ ನಿಲ್ಲಿ.

ರಸ್ತೆ ದಾಟಿಸಿ ಪೆಟ್ರೋಲ್ ಬಂಕಿನ ಬಳಿ ಬಿಟ್ಟ. ತಿರುಗಿ ರಸ್ತೆ ದಾಟಿದರೆ ಜೈಲಿಗೆ ಹಾಕುತ್ತೇನೆ ಎಂದ. ನೀರಿನ ಪೆಟ್ಟಿಗೆಯ ಹೆಂಗಸರು ನನ್ನನ್ನು ಹಿಡಿದುಕೊಂಡರು. ಅಲ್ಲಿಂದ ಎಲ್ಲ ಕಾಣುತ್ತಿತ್ತು.

ಹೊಸೆಯಾನ ಜಾಗ ಖಾಲಿ ಇತ್ತು. ಮುಂದಿನವರು ಮುಂದೆ ಸರಿದರು. ಹಿಂದಿನವಳು ತಾನೂ ಸರಿದಳು, ಆದರೆ ಆ ಖಾಲಿ ಜಾಗಕ್ಕೆ ಕಾಲಿಡಲಿಲ್ಲ. ಒಬ್ಬ ಮನುಷ್ಯ ನಿಲ್ಲುವಷ್ಟು ನೆಲ ಬಿಟ್ಟು ನಿಂತಳು. ಅವಳ ಹಿಂದಿನವರೂ ನಿಂತರು. ಮಿಸ್ ಪ್ರೂಯಿಟ್ ಮುಂದೆ ಬನ್ನಿ, ತುಂಬಿಕೊಳ್ಳಿ ಎಂದು ಕೈ ಆಡಿಸುವುದು ಕಂಡಿತು. ಯಾರೂ ತುಂಬಲಿಲ್ಲ. ನಮ್ಮ ಸಭೆಯವರಲ್ಲದವರೂ ಇದ್ದರು. ಹೆದ್ದಾರಿ ಪಕ್ಕದ ಟ್ರೇಲರ್ ಗಾಡಿಯ ಮನೆಗಳ ಇಬ್ಬರು ಬಡ ಬಿಳಿಯರು ನಮ್ಮಷ್ಟೇ ಹೊತ್ತಿನಿಂದ ಚಳಿಯಲ್ಲಿ ನಿಂತಿದ್ದರು. ಅವರೂ ನೆಲ ನೋಡುತ್ತ ನಿಂತರು. ಸಾಲು ಸರಿದಂತೆ ಆ ಖಾಲಿ ಜಾಗವೂ ಸರಿಯಿತು. ಪ್ರತಿ ಸಲ ಕ್ಲೀವನ್ ಕುರ್ಚಿಯನ್ನು, ಕುರ್ಚಿಯ ಮೇಲಿನ ಹೊಸೆಯಾನನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆದ. ಮಿಸ್ ಪ್ರೂಯಿಟ್ ಅಷ್ಟು ಜನರನ್ನು ಹಿಂದಕ್ಕೆ ಕಳಿಸಲಾರಳು. ಫೋನು ಮಾಡಲು ಒಳಗೆ ಹೋದಳು.

ಬಾಗಿಲು ಬಂದಾಗ ಹೊಸೆಯಾ ಎದ್ದ. ತನ್ನ ಜಾಗಕ್ಕೆ ಕಾಲಿಟ್ಟ. ಒಳಗೆ ಹೋದ.

ನಾನು ಮತ ಹಾಕಲಿಲ್ಲ. ಮುಚ್ಚುವ ಹೊತ್ತಿನ ತನಕ ಪೊಲೀಸಿನವನು ರಸ್ತೆಯ ಆ ಬದಿಯಲ್ಲಿ ನನ್ನ ಎದುರಿಗೆ ನಿಂತಿದ್ದ. ಹೊಸೆಯಾ ತನ್ನ ಕೋಟಿನಿಂದ ಸ್ಟಿಕರ್ ಕಿತ್ತು ತಂದು ನನ್ನ ಕೈಗೆ ಅಂಟಿಸಲು ಬಂದ. ನಾನು ಬೇಡವೆಂದೆ. ಹಾಕದ ಮತದ ಗುರುತು ನನಗೇಕೆ? ಆ ಸುತ್ತಿನಲ್ಲಿ ನಾವು ಬಯಸಿದವರು ಸೋತರು. ಜಾನುವಾರು ಶೆಡ್ಡಿನಲ್ಲಿ ಮತಗಟ್ಟೆ ಇನ್ನೂ ಇದೆ. ನಿಯಮ ಇನ್ನೂ ಇದೆ. ಕ್ಲೀವನ್ ಕಟ್ಟಿದ ಇಳಿಜಾರು ಚರ್ಚಿನ ಮುಂದೆ ಮಳೆಗೆ ಕಪ್ಪಾಗುತ್ತಿದೆ. ನಮ್ಮ ಕುರ್ಚಿಯನ್ನು ಆ ದಿನವೇ ವಶಪಡಿಸಿಕೊಂಡರು. ಕೇಳಲು ಹೋದರೆ ಅದು ಸಾಕ್ಷ್ಯ ಎನ್ನುತ್ತಾರೆ. ಯಾವುದರ ಸಾಕ್ಷ್ಯ ಎಂದು ಹೇಳುವುದಿಲ್ಲ.

ಮುಂದಿನ ಚುನಾವಣೆ ಬೇಸಿಗೆಯಲ್ಲಿ. ನೆಲಮಾಳಿಗೆಯಲ್ಲಿ ಇನ್ನೂ ಕುರ್ಚಿಗಳಿವೆ.

ಭಾನುವಾರ ಸಭೆ ಮುಗಿದ ಮೇಲೆ ನಾನು ಚರ್ಚಿನ ಹಿಂದೆ ಅವಳ ಮಣ್ಣಿನ ಬಳಿ ಹೋಗುತ್ತೇನೆ. ನಿಂತು ಪ್ರಾರ್ಥಿಸುವುದು ನಮ್ಮ ರೂಢಿ. ಅಲ್ಲಿ ಮಾತ್ರ ನಾನು ನೆಲದ ಮೇಲೆ ಕೂರುತ್ತೇನೆ.

ಕರ್ತನೇ, ನಿನ್ನ ಬಾಗಿಲಿನಲ್ಲಿ ಸಾಲಿದ್ದರೆ ನನ್ನ ಅಕ್ಕ ಅರ್ಲೀಥಾಳನ್ನು ಅದರಲ್ಲಿ ನಿಲ್ಲಿಸಬೇಡ. ಅವಳು ನಿಂತದ್ದು ಸಾಕು. ಬಾಗಿಲು ಸೇವೆಯ ಕೆಲಸ ಕೊಡು ಎಂದು ಅವಳೇ ಬಂದು ಕೇಳುತ್ತಾಳೆ, ಅದು ಅವಳ ಸ್ವಭಾವ, ಕೊಡಬೇಡ. ಅವಳ ಕೈಗವಸು ಬಿಚ್ಚಿಸು. ಅವಳ ಬೆರಳುಗಳನ್ನು ನಿನ್ನ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡು. ಕುಡಿಯಲು ತಣ್ಣೀರು ಕೊಡು. ಅವಳು ಎದೆಯ ಮೇಲೆ ಕೈಯಿಡುವ ಮೊದಲೇ ಅವಳಿಗೊಂದು ಕುರ್ಚಿ ತರಿಸು. ಇಲ್ಲಿ ಅವಳ ಜಾಗದಲ್ಲಿ ನಾನಿದ್ದೇನೆ, ಬಿಡುವುದಿಲ್ಲ ಎಂದು ಹೇಳು. ಅವಳನ್ನು ಕೂರಿಸು, ಕರ್ತನೇ. ಶಾಂತಿಯಿಂದ ಕೂರಿಸು. ಆಮೆನ್.